ಪ್ರಾರ್ಥನೆಯ ವೇಳೆಯಲ್ಲಿ ಒಂದು ಛಾಯಾಚಿತ್ರ

ಶಾಲೆಯ ದಿನವು ಪ್ರಾರ್ಥನೆಯಿಂದ ಆರಂಭವಾಗುವುದು ನಮ್ಮೆಲ್ಲರಿಗೂ ಪರಿಚಿತವಾದ ಸಂಗತಿ. ಸಾಲಾಗಿ ನಿಂತ ಮಕ್ಕಳು ಕೈಜೋಡಿಸಿ, ಕಣ್ಣು ಮುಚ್ಚಿ ಹಾಡುತ್ತಾರೆ. ಆದರೆ ಕಣ್ಣು ತೆರೆದು ಮಾಡುವ ಪ್ರಾರ್ಥನೆಯೂ ಒಂದುಂಟು. ಕ್ಯಾಥೊಲಿಕ್ ಶಾಲೆಗಳಲ್ಲಿ ಕಳೆದ ಕೆಲವು ದಶಕಗಳಿಂದ ಬೆಳೆದು ಬಂದಿರುವ ಈ ಪದ್ಧತಿಯಲ್ಲಿ, ಲೋಕದ ಯಾವುದೋ ಮೂಲೆಯ ಜನರು ಒಗ್ಗೂಡಿ ಬಾವಿ ತೋಡುತ್ತಿರುವ, ಶಾಲೆ ಕಟ್ಟುತ್ತಿರುವ, ಬೀಜ ಹಂಚಿಕೊಳ್ಳುತ್ತಿರುವ ಛಾಯಾಚಿತ್ರವೊಂದನ್ನು ಮಕ್ಕಳ ಮುಂದಿಟ್ಟು, ಅದನ್ನು ನೋಡುತ್ತ ಪ್ರಾರ್ಥಿಸುತ್ತಾರೆ. ಯಾವ ಮತದ ಶಾಲೆಗೂ ಉಪಯುಕ್ತವಾಗಬಲ್ಲ ಈ ಕ್ರಮವನ್ನು ಕುರಿತು ನಾಲ್ಕು ಮಾತು ಬರೆಯುವುದು ಈ ಲೇಖನದ ಉದ್ದೇಶ.

'ಸಮುದಾಯ ಅಭಿವೃದ್ಧಿ' ಎಂಬ ಮಾತು ನಮಗೆ ಹೊಸದಲ್ಲ. 1952ರ ಅಕ್ಟೋಬರ್ 2ರಂದು ಭಾರತ ಸರ್ಕಾರವು ಆ ಹೆಸರಿನ ಯೋಜನೆಯನ್ನು ಆರಂಭಿಸಿತು. ಬ್ಲಾಕು, ಬಿ.ಡಿ.ಓ., ಗ್ರಾಮಸೇವಕ ಎಂಬ ಪದಗಳು ಅದರೊಡನೆಯೇ ನಮ್ಮ ಹಳ್ಳಿಗಳಿಗೆ ಬಂದವು. ಊರಿನ ಏಳಿಗೆಯನ್ನು ಊರಿನವರೇ ಕೂಡಿ ಸಾಧಿಸಬೇಕು, ಹೊರಗಿನವರು ನೆರವಾಗಬೇಕು ಎಂಬುದು ಅದರ ತಿರುಳು. ಕ್ರೈಸ್ತಸಭೆಯಲ್ಲಿ ಈ ವಿಚಾರಕ್ಕೆ ಬಲ ಬಂದದ್ದು 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯಿಂದ. ಆ ಮಹಾಸಭೆಯ ಫಲವಾಗಿ ಬಲಿಪೂಜೆಯು ಲ್ಯಾಟಿನ್ ಭಾಷೆಯಿಂದ ಕನ್ನಡ, ತೆಲುಗುಗಳಿಗೆ ಇಳಿದು ಬಂದಿತು. ಲೋಕದ ಬಡವರ ಸುಖದುಃಖಗಳು ಪೂಜೆಯ ಹೊರಗಿನ ವಿಷಯವಲ್ಲವೆಂಬ ಭಾವನೆಯೂ ನೆಲೆಯೂರಿತು. 1967ರಲ್ಲಿ ಆರನೆಯ ಪೌಲ್ ಪೋಪರು ಜನಾಂಗಗಳ ಅಭಿವೃದ್ಧಿಯನ್ನೇ ವಿಷಯವಾಗಿಸಿಕೊಂಡು ಒಂದು ವಿಶ್ವಪತ್ರವನ್ನು ಹೊರಡಿಸಿದರು.

ಈಸ್ಟರಿಗೆ ಮುಂಚಿನ ತಪಸ್ಸುಕಾಲವು ಉಪವಾಸ, ಪ್ರಾರ್ಥನೆ, ದಾನಗಳ ಕಾಲ. 1960ರಲ್ಲಿ ಇಂಗ್ಲೆಂಡಿನ ಕ್ಯಾಥೊಲಿಕ್ ಮಹಿಳೆಯರು ಒಂದು ದಿನದ ಕುಟುಂಬ ಉಪವಾಸವನ್ನು ಏರ್ಪಡಿಸಿ, ಉಳಿದ ಹಣವನ್ನು ಡೊಮಿನಿಕಾ ದ್ವೀಪದ ತಾಯಿ-ಮಕ್ಕಳ ಆರೋಗ್ಯ ಕೇಂದ್ರಕ್ಕೆ ಕಳುಹಿಸಿದರು. ಇದರಿಂದ 1962ರಲ್ಲಿ ಕ್ಯಾಫೋಡ್ ಸಂಸ್ಥೆ ಹುಟ್ಟಿತು. ನಮ್ಮ ಕಾರಿತಾಸ್ ಇಂಡಿಯಾ ಸ್ಥಾಪನೆಯಾದದ್ದೂ ಅದೇ ವರ್ಷ. ಇಂತಹ ಸಂಸ್ಥೆಗಳು ತಪಸ್ಸುಕಾಲದಲ್ಲಿ ಶಾಲೆಗಳಿಗೆ ಚಿತ್ರಗಳನ್ನೂ ಅವುಗಳ ಹಿಂದಿನ ಕಥೆಗಳನ್ನೂ ಒದಗಿಸುವ ರೂಢಿ ಬೆಳೆಯಿತು.

ಈ ಇತಿಹಾಸದಲ್ಲಿ ಕನ್ನಡ ನಾಡಿಗೂ ಒಂದು ಸ್ಥಾನವುಂಟೆಂಬುದು ಹೆಮ್ಮೆಯ ವಿಷಯ. ಮಧ್ಯಯುಗದ ಜರ್ಮನ್ ನಾಡುಗಳಲ್ಲಿ ತಪಸ್ಸುಕಾಲದಲ್ಲಿ ಬಲಿಪೀಠದ ಮುಂದೆ 'ಹಸಿವಿನ ಪರದೆ' ಎಂಬ ದೊಡ್ಡ ಬಟ್ಟೆಯನ್ನು ತೂಗುಬಿಡುತ್ತಿದ್ದರು. ಅಕ್ಷರ ಬಾರದ ಜನ ಅದರ ಮೇಲಿನ ಚಿತ್ರಗಳಲ್ಲಿ ಪವಿತ್ರ ಗ್ರಂಥದ ಕಥೆಯನ್ನು ಕಾಣುತ್ತಿದ್ದರು. ಜರ್ಮನಿಯ ಮಿಸೆರಿಯೋರ್ ಸಂಸ್ಥೆಯು 1976ರಲ್ಲಿ ಈ ಪದ್ಧತಿಗೆ ಮರುಜೀವ ಕೊಟ್ಟಾಗ, ಮೊದಲ ಪರದೆಯ ಚಿತ್ರವನ್ನು ರಚಿಸಿದವರು ಬೆಂಗಳೂರಿನ ಬಳಿಯ ಸಿಲ್ವೇಪುರದಲ್ಲಿ ನೆಲೆಸಿದ ಕಲಾವಿದ ಜ್ಯೋತಿ ಸಾಹಿ ಅವರು. ಅಂದರೆ, ಜರ್ಮನಿಯ ಭಕ್ತರು ನಮ್ಮ ನಾಡಿನ ಕಣ್ಣಿನಿಂದ ಲೋಕವನ್ನು ನೋಡಿ ಪ್ರಾರ್ಥಿಸಿದರು.

ಶಾಲೆಯಲ್ಲಿ ಈ ಕ್ರಮವನ್ನು ನಡೆಸುವುದು ಕಷ್ಟವಲ್ಲ. ಒಂದು ದಿನಕ್ಕೆ ಒಂದೇ ಚಿತ್ರ ಸಾಕು. ಹತ್ತು ಚಿತ್ರ ತೋರಿಸಿದರೆ ಅದು ಸಿನಿಮಾ ಆಗುತ್ತದೆ. ಕೊನೆಯ ಸಾಲಿನ ಮಗುವಿಗೂ ಕಾಣುವಷ್ಟು ದೊಡ್ಡದಾಗಿರಬೇಕು. ಮೊದಲು ಒಂದು ನಿಮಿಷ ಮೌನವಾಗಿ ನೋಡಬೇಕು. ಅನಂತರ ಉಪಾಧ್ಯಾಯರು ಕೇಳಬೇಕು: ಏನು ಕಾಣುತ್ತದೆ? ಯಾರು ಏನು ಮಾಡುತ್ತಿದ್ದಾರೆ? ಭೂಪಟದಲ್ಲಿ ಈ ಊರು ಎಲ್ಲಿದೆ? ಇಲ್ಲಿ ನಮ್ಮೂರಿನಂತೆ ಇರುವುದೇನು? ಉತ್ತರಗಳು ಬಂದ ಮೇಲೆ ಮಕ್ಕಳೇ ಒಂದೊಂದು ವಾಕ್ಯದ ಪ್ರಾರ್ಥನೆಯನ್ನು ಹೇಳಬೇಕು. ಬಲಿಪೂಜೆಯ 'ವಿಶ್ವಾಸಿಗಳ ಪ್ರಾರ್ಥನೆ'ಯ ಭಾಗವು ಇದಕ್ಕೆ ಅನುಕೂಲವಾದ ಸ್ಥಳ. ಕಡೆಗೆ, ಈ ವಾರ ನಾವು ಮಾಡಬಹುದಾದ ಒಂದು ಕೆಲಸವನ್ನು ನಿಶ್ಚಯಿಸಬೇಕು. ಕೆಲಸದಲ್ಲಿ ಮುಗಿಯದ ಪ್ರಾರ್ಥನೆ ಬಾಯಿಪಾಠವಾಗಿ ಉಳಿಯುತ್ತದೆ.

ಇಲ್ಲೊಂದು ಎಚ್ಚರಿಕೆಯೂ ಅಗತ್ಯ. ಬಡವರ ಚಿತ್ರವನ್ನು ತೋರಿಸುವುದರಲ್ಲಿ ಅವರ ಮಾನವನ್ನು ಕಳೆಯುವ ಅಪಾಯವಿದೆ. ಇದನ್ನು ನಮ್ಮ ಸೀಮೆಯಷ್ಟು ಬಲ್ಲವರು ಕಡಿಮೆ. 1876-78ರ ಧಾತು ಸಂವತ್ಸರದ ಮಹಾಕ್ಷಾಮದಲ್ಲಿ ಅತ್ಯಧಿಕವಾಗಿ ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಕರ್ನೂಲೂ ಸೇರಿದ್ದವು. ಆದವಾನಿ ಆಗ ಬಳ್ಳಾರಿ ಜಿಲ್ಲೆಯಲ್ಲಿತ್ತು. 1871 ಮತ್ತು 1881ರ ಜನಗಣತಿಗಳ ನಡುವೆ ಕರ್ನೂಲು ಜಿಲ್ಲೆಯ ಜನಸಂಖ್ಯೆ ಸುಮಾರು ಕಾಲುಭಾಗ ಕುಗ್ಗಿತು. ಆ ಕ್ಷಾಮದಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿ ಹೂಪರ್ ಎಂಬಾತನು ಎಲುಬಿನ ಹಂದರವಾಗಿದ್ದ ಜನರನ್ನು ಸಾಲಾಗಿ ಕೂರಿಸಿ ತೆಗೆದ ಛಾಯಾಚಿತ್ರಗಳು ಇಂದಿಗೂ ಉಳಿದಿವೆ. ಅವರಲ್ಲಿ ಯಾರ ಹೆಸರೂ ನಮಗೆ ಸಿಗದು. ಹೆಸರಿಲ್ಲದ ಹಸಿವು ನೋಡುವವನಲ್ಲಿ ಕರುಣೆಯನ್ನು ಹುಟ್ಟಿಸೀತು, ಗೌರವವನ್ನಲ್ಲ. 1989ರಲ್ಲಿ ಯೂರೋಪಿನ ಸೇವಾಸಂಸ್ಥೆಗಳು ಕೂಡಿ, ಬಡರಾಷ್ಟ್ರಗಳ ಜನರನ್ನು ನಿಸ್ಸಹಾಯಕರನ್ನಾಗಿ ಚಿತ್ರಿಸಕೂಡದೆಂದು ನೀತಿಸಂಹಿತೆಯೊಂದನ್ನು ಅಂಗೀಕರಿಸಿದವು.

ನಮ್ಮ ಶಾಲೆಗಳಲ್ಲಿ ಈ ಪ್ರಶ್ನೆ ದೂರದ್ದಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಆದವಾನಿ, ಕೋಸಿಗಿ, ಮಂತ್ರಾಲಯದ ಕಡೆಯ ಕುಟುಂಬಗಳು ಗುಂಟೂರು ಸೀಮೆಗೆ ಮೆಣಸಿನಕಾಯಿ ಕೀಳಲು ಗುಳೆ ಹೋಗುತ್ತವೆ. ಜೊತೆಯಲ್ಲಿ ಮಕ್ಕಳೂ ಹೋಗುತ್ತಾರೆ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ತಿಂಗಳುಗಟ್ಟಲೆ ಗೈರುಹಾಜರಿ ಬೀಳುತ್ತದೆ. ಅಂತಹ ಮಗು ತಿರುಗಿ ಬಂದು ಪ್ರಾರ್ಥನೆಯ ಸಾಲಿನಲ್ಲಿ ನಿಂತಾಗ, ಗೋಡೆಯ ಮೇಲಿನ ಚಿತ್ರದಲ್ಲಿ ತನ್ನಂತಹ ಮಗುವೊಂದು ಕೈಯೊಡ್ಡಿ ನಿಂತಿರುವುದನ್ನು ಕಂಡರೆ ತಲೆ ತಗ್ಗಿಸುತ್ತದೆ. ತನ್ನ ತಾಯಿಯಂತಹ ಹೆಂಗಸರು ಕೂಡಿ ಕೆರೆಯ ಹೂಳೆತ್ತುತ್ತಿರುವುದನ್ನು ಕಂಡರೆ ತಲೆಯೆತ್ತುತ್ತದೆ. ಚಿತ್ರದ ಆಯ್ಕೆಯಲ್ಲಿ ಉಪಾಧ್ಯಾಯರು ನೆನಪಿಡಬೇಕಾದದ್ದು ಇದೊಂದೇ ವ್ಯತ್ಯಾಸ.

ಆದ್ದರಿಂದ ಚಿತ್ರಗಳು ಆಫ್ರಿಕಾದಿಂದಲೋ ದಕ್ಷಿಣ ಅಮೆರಿಕದಿಂದಲೋ ಮಾತ್ರ ಬರಬೇಕಾಗಿಲ್ಲ. ಮಾಚಾನಿ ಸೋಮಪ್ಪನವರ ಮುಂದಾಳುತನದಲ್ಲಿ 1938ರಲ್ಲಿ ಹುಟ್ಟಿದ ಎಮ್ಮಿಗನೂರು ನೇಕಾರರ ಸಹಕಾರ ಸಂಘದ ಒಂದು ಮಗ್ಗದ ಚಿತ್ರ, ಪಕ್ಕದ ಅನಂತಪುರ ಜಿಲ್ಲೆಯಲ್ಲಿ ವಿಸೆಂಟ್ ಫೆರರ್ ಅವರು 1969ರಿಂದ ರೈತರೊಡನೆ ನಡೆಸಿದ ನೀರಿನ ಕೆಲಸದ ಚಿತ್ರ, ಇವು ನಮ್ಮ ಮಕ್ಕಳಿಗೆ ಸಾಕಷ್ಟು ಹೇಳಬಲ್ಲವು. ಇವುಗಳ ಪಕ್ಕದಲ್ಲಿ ಕೀನ್ಯಾದ ಬಾವಿಯ ಚಿತ್ರವಿಟ್ಟರೆ, ಲೋಕವೆಲ್ಲ ಒಂದೇ ಊರೆಂಬುದನ್ನು ಬೋಧಿಸಬೇಕಾಗುವುದಿಲ್ಲ.

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಇಂದು ನಾನಾ ಊರುಗಳಲ್ಲಿದ್ದಾರೆ. ಸುವರ್ಣ ಮಹೋತ್ಸವದ ಕಾಣಿಕೆಯಾಗಿ ಅವರಲ್ಲಿ ನನ್ನದೊಂದು ವಿನಂತಿ. ತಾವಿರುವ ಊರಿನಲ್ಲಿ ಜನರು ಕೂಡಿ ಮಾಡಿದ ಒಂದು ಒಳ್ಳೆಯ ಕೆಲಸದ ಛಾಯಾಚಿತ್ರವನ್ನು, ಅದರಲ್ಲಿರುವವರ ಒಪ್ಪಿಗೆ ಪಡೆದು, ಶಾಲೆಗೆ ಕಳುಹಿಸಿರಿ. ಹಿಂಬದಿಯಲ್ಲಿ ಅವರ ಹೆಸರು, ಊರು, ಕೆಲಸಗಳನ್ನು ಮೂರು ಸಾಲು ಕನ್ನಡದಲ್ಲಿ ಬರೆಯಿರಿ. ಐವತ್ತು ಚಿತ್ರಗಳು ಸೇರಿದರೆ ಒಂದು ವರ್ಷದ ಸೋಮವಾರಗಳ ಪ್ರಾರ್ಥನೆಗೆ ಸಾಕು. ನಮ್ಮ ಮಕ್ಕಳು ಲೋಕವನ್ನು ಕನ್ನಡದಲ್ಲಿ ಓದಲಿ, ಕಣ್ಣು ತೆರೆದು ಪ್ರಾರ್ಥಿಸಲಿ. ಶಾಲೆಗೆ ಶುಭವಾಗಲಿ.