ನೆಲದೊಳಗಿನ ಚಿತ್ರ

ಒಂದು ಹೊಲದಲ್ಲಿ ಬೋರು ಹಾಕಿಸಿದರೆ ಎರಡು ಇಂಚು ನೀರು ಬೀಳುತ್ತೆ. ಪಕ್ಕದ ಹೊಲದಲ್ಲಿ ಬರೀ ಧೂಳು. ರಾಯದುರ್ಗ, ಮಡಕಶಿರಾ ಸೀಮೆಯ ರೈತರಿಗೆ ಇದು ಹೊಸದೇನಲ್ಲ. ನೀರು ಬೀಳದಿದ್ದರೂ ಸಾಲ ತೀರಿಸಲೇಬೇಕು. ನೆಲದೊಳಗೆ ಏನಿದೆ ಅಂತ ಮೊದಲೇ ತಿಳಿಯೋಕೆ ಆಗುತ್ತಾ?

ಈಗ ಕಂಪ್ಯೂಟರಿನಲ್ಲಿ ನೆಲದೊಳಗಿನ ಚಿತ್ರ ಬರೆಯುತ್ತಾರೆ. ಇದಕ್ಕೆ 'ಮಾದರಿ' ಎಂದು ಹೆಸರು. ಆದರೆ ಕಂಪ್ಯೂಟರಿಗೆ ಭೂಮಿಯೊಳಗೆ ನೋಡುವ ಕಣ್ಣಿಲ್ಲ. ಬೋರು ಕೊರೆದ ಕಡೆ ಎಷ್ಟು ಅಡಿಗೆ ಯಾವ ಕಲ್ಲು ಅಂತ ನಮಗೆ ಗೊತ್ತಾಗುತ್ತೆ. ಎರಡು ಬೋರುಗಳ ನಡುವೆ ಏನಿದೆ? ಅದನ್ನು ಕಂಪ್ಯೂಟರು ಲೆಕ್ಕ ಹಾಕಿ ಊಹಿಸುತ್ತೆ. ಹೇಗೆ ಊಹಿಸಬೇಕು ಅಂತ ಕಲ್ಲಿನ ಗುಣ ಬಲ್ಲವರು ಅದಕ್ಕೆ ಹೇಳಿಕೊಡಬೇಕು.

ಕಲ್ಲಿನ ಗುಣ ಎಲ್ಲ ಕಡೆ ಒಂದೇ ಅಲ್ಲ. ಸೊಲ್ಲಾಪುರ, ಅಕ್ಕಲಕೋಟೆ ಕಡೆ ಕರಿಕಲ್ಲು. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಭೂಮಿಯಿಂದ ಕಾದ ರಸ ಉಕ್ಕಿ ಹರಿಯಿತು. ಆರಿ ಕಲ್ಲಾಯಿತು. ಅದರ ಮೇಲೆ ಮತ್ತೆ ಹರಿಯಿತು. ರೊಟ್ಟಿ ಮೇಲೆ ರೊಟ್ಟಿ ಪೇರಿಸಿದ ಹಾಗೆ ಪದರಗಳಾದವು. ಎರಡು ಬೋರುಗಳಲ್ಲಿ ಒಂದೇ ಪದರ ಸಿಕ್ಕರೆ, ಅದು ನಡುವೆಯೂ ಇರಬಹುದು ಅಂತ ಊಹಿಸಬಹುದು.

ರಾಯದುರ್ಗ ಸೀಮೆಯಲ್ಲಿ ಹಾಗಲ್ಲ. ಇಲ್ಲಿ ಗ್ರಾನೈಟ್ ಜಾತಿಯ ಗಟ್ಟಿ ಕಲ್ಲು. ಸುಮಾರು 250 ಕೋಟಿ ವರ್ಷ ಹಳೆಯದು. ಮೇಲೆ ಮಣ್ಣು, ಅದರ ಕೆಳಗೆ ಗರಸು, ಆಮೇಲೆ ಬಂಡೆ. ಬಂಡೆಯೊಳಗೆ ನೀರು ನಿಲ್ಲುವುದು ಬಿರುಕಿನಲ್ಲಿ ಮಾತ್ರ. ನಿಮ್ಮ ಹೊಲದ ಬಿರುಕು ಪಕ್ಕದ ಹೊಲಕ್ಕೆ ಹೋಗದೇ ಇರಬಹುದು. ಕೆಲವು ಕಡೆ ಕರಿಕಲ್ಲಿನ ಸಾಲು ಗೋಡೆಯಂತೆ ನಿಂತು ನೀರನ್ನು ತಡೆಯುತ್ತದೆ. ಇಲ್ಲಿಗೂ ರೊಟ್ಟಿಯ ಲೆಕ್ಕವನ್ನೇ ಹೇಳಿಕೊಟ್ಟರೆ ಏನಾಗುತ್ತೆ? ಚಿತ್ರದಲ್ಲಿ ನೀರು ಕಾಣುತ್ತೆ, ಬೋರಿನಲ್ಲಿ ಇರಲ್ಲ.

ಕೇಂದ್ರ ಅಂತರ್ಜಲ ಮಂಡಳಿ 2012ರಲ್ಲಿ ಇಡೀ ದೇಶದ ಅಂತರ್ಜಲದ ನಕ್ಷೆ ಮಾಡುವ ಕೆಲಸ ಶುರು ಮಾಡಿತು. 2023ರ ಹೊತ್ತಿಗೆ ಸುಮಾರು 25 ಲಕ್ಷ ಚದರ ಕಿಲೋಮೀಟರ್ ಮುಗಿಯಿತು. ಆದರೆ ಈ ನಕ್ಷೆಯ ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಅರ್ಧ ಕಿಲೋಮೀಟರ್. ನಿಮ್ಮ ಹೊಲದ ಒಂದು ಬಿರುಕು ಅದರಲ್ಲಿ ಕಾಣುವುದಿಲ್ಲ. ಅದಕ್ಕೇ ಊರಿನ ಪ್ರತಿ ಬೋರಿನ ವಿವರ ಬೇಕು.

ಬೋರು ಹಾಕಿಸುವಾಗ ಹತ್ತಿರ ನಿಂತು ಬರೆದುಕೊಳ್ಳಿ:

1. ತಾರೀಖು, ಹೊಲದ ಸರ್ವೆ ನಂಬರು.
2. ಮಣ್ಣು ಎಷ್ಟು ಅಡಿ? ಗರಸು ಎಷ್ಟು ಅಡಿ? ಕೇಸಿಂಗ್ ಪೈಪು ಎಷ್ಟು ಅಡಿ ಇಳಿಯಿತು?
3. ಮೇಲೆ ಬರುವ ಪುಡಿಯ ಬಣ್ಣ ಎಷ್ಟು ಅಡಿಗೆ ಬದಲಾಯಿತು?
4. ನೀರು ಎಷ್ಟು ಅಡಿಗೆ ಬಿತ್ತು? ಬೀಳದಿದ್ದರೆ ಅದನ್ನೂ ಬರೆಯಿರಿ.

ಒಣಗಿದ ಬೋರು ಕೂಡ ಒಂದು ಪಾಠವೇ. ಅಲ್ಲಿ ನೀರಿರುವ ಬಿರುಕು ಸಿಗಲಿಲ್ಲ ಅಂತ ಅದು ಹೇಳುತ್ತೆ. ಬರೆದಿಡದಿದ್ದರೆ ದುಡ್ಡೂ ಹೋಯಿತು, ಪಾಠವೂ ಹೋಯಿತು. ನೀರಿನ ಜಾಗ ನೋಡಲು ಭೂವಿಜ್ಞಾನಿ ಬಂದರೆ ಈ ಪುಸ್ತಕ ತೋರಿಸಿ. ನಿಮ್ಮ ಕೈಬರಹದ ನಾಲ್ಕು ಸಾಲು ಮುಂದಿನವರ ಒಂದು ಬೋರಿನ ಸಾಲ ಉಳಿಸಬಹುದು.