ಮಗನಿಗೆ ಅಂತ ಕೊಂಡ ಪುಸ್ತಕ

ನವೆಂಬರ್ ಬಂತೆಂದರೆ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಲ್ಲಿ ಕನ್ನಡ ಬಳಗದವರು ಕ್ಯಾಂಟೀನಿನ ಪಕ್ಕ ಪುಸ್ತಕ ಮಾರಾಟಕ್ಕೆ ಮೇಜು ಹಾಕುತ್ತಾರೆ. ಅಲ್ಲೊಂದು ತಮಾಷೆ ನೋಡಬಹುದು. ಕೊರಳಿಗೆ ಐಡಿ ಕಾರ್ಡ್ ನೇತುಹಾಕಿಕೊಂಡ ನಲವತ್ತರ ಮ್ಯಾನೇಜರು ತೇಜಸ್ವಿಯವರ ‘ಕಾಡಿನ ಕಥೆಗಳು’ ಕೈಗೆತ್ತಿಕೊಂಡು, ಯಾರೂ ಕೇಳದಿದ್ದರೂ ‘ಮಗನಿಗೆ ಸಾರ್’ ಎನ್ನುತ್ತಾರೆ. ಮಗ ಇಂಗ್ಲಿಷ್ ಮೀಡಿಯಂ. ಅವನು ಅಕ್ಷರ ಕೂಡಿಸಿಕೊಳ್ಳುವಷ್ಟರಲ್ಲಿ ಹುಲಿ ಕಾಡು ದಾಟಿರುತ್ತದೆ. ಓದುವವರು ಯಾರೆಂದು ಮಾರುವವರಿಗೂ ಗೊತ್ತು.

ಈ ಸಂಕೋಚ ನಮ್ಮವರದಷ್ಟೇ ಅಲ್ಲ. ಹ್ಯಾರಿ ಪಾಟರ್ ಓದುವ ದೊಡ್ಡವರಿಗೆ ರೈಲಿನಲ್ಲಿ ಮುಜುಗರವಾಗದಿರಲೆಂದು ಇಂಗ್ಲೆಂಡಿನ ಬ್ಲೂಮ್ಸ್‌ಬರಿ 1998ರಲ್ಲೇ ಬೇರೆ, ಗಂಭೀರ ಮುಖಪುಟ ಹಾಕಿಸಿತು. ಒಳಗಿನ ಕತೆ ಮಾತ್ರ ಅದೇ!

ಕನ್ನಡದಲ್ಲಿ ಹದಿಹರೆಯದವರ ಕಾದಂಬರಿ ಎಂಬ ಪ್ರತ್ಯೇಕ ಕಪಾಟು ಗಟ್ಟಿಯಾಗಿ ನಿಲ್ಲಲೇ ಇಲ್ಲ. ಅದು ಒಳ್ಳೆಯದೇ ಆಯಿತೆಂದು ನನಗನಿಸುತ್ತದೆ. ತೇಜಸ್ವಿಯವರ 1980ರ ಕಾದಂಬರಿ ‘ಕರ್ವಾಲೊ’ವನ್ನೇ ನೋಡಿ. ಹೈಸ್ಕೂಲಿನಲ್ಲಿ ಓದುವಾಗ ನಮಗೆ ಬೇಕಾಗಿದ್ದದ್ದು ಹಾರುವ ಓತಿ. ಅದು ಕೈಗೆ ಸಿಗದೆ ಹೋದದ್ದಕ್ಕೆ ಸಿಟ್ಟೂ ಬಂದಿತ್ತು. ನಲವತ್ತರಲ್ಲಿ ಓದಿದರೆ ಕಣ್ಣು ಹೋಗುವುದು ಬೇಸಾಯಕ್ಕೆ ಬೇಸತ್ತು ಜಮೀನು ಮಾರಿಬಿಡೋಣ ಎನ್ನುವ ನಿರೂಪಕನ ಕಡೆಗೆ. ಕೆಲಸ ಬಿಟ್ಟು ಸಕಲೇಶಪುರದ ಕಡೆ ತೋಟ ಮಾಡುವ ಕನಸಿನಲ್ಲಿರುವ ಟೆಕ್ಕಿಗಳು ಆ ಪುಟಗಳನ್ನು ಒಮ್ಮೆ ಓದಲೇಬೇಕು. ಊರವರ ಕಣ್ಣಿಗೆ ಪೆದ್ದನಂತಿರುವ ಮಂದಣ್ಣನನ್ನು ವಿಜ್ಞಾನಿ ಕರ್ವಾಲೊ ಗುರುತಿಸುವ ಬಗೆಯಂತೂ ಅಪ್ರೈಸಲ್ ಬರೆಯುವ ವಯಸ್ಸಿನಲ್ಲಿ ಬೇರೆಯೇ ತಟ್ಟುತ್ತದೆ.

ಪೀಣ್ಯದವರಿಗೆ ಇನ್ನೂ ಹತ್ತಿರದ ಕತೆಯಿದೆ. ಶಿಕಾರಿ ಕತೆಗಾರ ಕೆನೆತ್ ಆಂಡರ್ಸನ್ ಬೆಂಗಳೂರಿನವರೇ, 1974ರಲ್ಲಿ ತೀರಿಕೊಂಡರು. 1954ರಲ್ಲಿ ಬಂದ ಅವರ ಮೊದಲ ಶಿಕಾರಿ ಪುಸ್ತಕದಲ್ಲಿರುವ ಚಿರತೆಯ ಕತೆಯೊಂದು ತೇಜಸ್ವಿಯವರ ಕೈಯಲ್ಲಿ ‘ಜಾಲಹಳ್ಳಿಯ ಕುರ್ಕ’ ಆಯಿತು. ಮೆಟ್ರೊ ಹಸಿರು ಮಾರ್ಗದಲ್ಲಿ ಪೀಣ್ಯ ಇಂಡಸ್ಟ್ರಿಯ ಪಕ್ಕದ ನಿಲ್ದಾಣವೇ ಜಾಲಹಳ್ಳಿ. ಶಿಫ್ಟ್ ಮುಗಿಸಿ ಅಲ್ಲಿ ಇಳಿಯುವವರು ನಡೆಯುವ ನೆಲದಲ್ಲೇ ಆ ಚಿರತೆ ಅಡ್ಡಾಡಿ ಜನರನ್ನು ಗಾಯಗೊಳಿಸಿತ್ತು. (ಅದೇ ‘ಕಾಡಿನ ಕಥೆಗಳು’ ಸರಣಿಯ ‘ಬೆಳ್ಳಂದೂರಿನ ನರಭಕ್ಷಕ’ ನೋಡಿ ಔಟರ್ ರಿಂಗ್ ರೋಡಿನವರು ಹಿಗ್ಗಬೇಕಿಲ್ಲ, ಆ ಬೆಳ್ಳಂದೂರು ಮಲೆನಾಡಿನದು.) ಹಳೆಯ ಕಾಲದ ಮಾತು ಎನ್ನುವಂತೆಯೂ ಇಲ್ಲ. ಹೊಸೂರು ರಸ್ತೆಯ ಕೂಡ್ಲು ಗೇಟ್ ಸುತ್ತಮುತ್ತ ಕಾಣಿಸಿಕೊಂಡಿದ್ದ ಚಿರತೆ 2023ರ ನವೆಂಬರ್ 1ರಂದು, ಸೆರೆಹಿಡಿಯುವ ಕಾರ್ಯಾಚರಣೆಯಲ್ಲಿ ಸತ್ತಿತು. ಇದನ್ನೆಲ್ಲ ಬಲ್ಲವರಿಗೆ ಆಂಡರ್ಸನ್ ಬರೀ ಮಕ್ಕಳ ರೋಚಕ ಕತೆಯಾಗಿ ಉಳಿಯುವುದಿಲ್ಲ.

ದೊಡ್ಡವರು ಇಂಥ ಪುಸ್ತಕಗಳನ್ನು ಬಾಲ್ಯದ ನೆನಪಿಗಾಗಿ ಓದುತ್ತಾರೆ ಎಂಬ ವಿವರಣೆ ನನಗೆ ಒಪ್ಪಿಗೆಯಿಲ್ಲ. ನೆನಪೊಂದೇ ಸಾಕಾಗಿದ್ದರೆ ಹಳೆಯ ಪುಸ್ತಕದ ಧೂಳು ಒರೆಸಿಟ್ಟರೆ ಮುಗಿಯುತ್ತಿತ್ತು. ಹೊಸದಾಗಿಯೂ ಒಳ್ಳೆಯವು ಬರುತ್ತಿವೆ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದ ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ (2011), ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ (2022), ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ (2023), ಈ ಮೂರರಲ್ಲಿ ಒಂದನ್ನಾದರೂ ಈ ವಾರ ತರಿಸಿಕೊಳ್ಳಿ. ಮನೆಯಲ್ಲಿ ಮಕ್ಕಳಿಲ್ಲದಿದ್ದರೂ ಪರವಾಗಿಲ್ಲ.