ಕರಗದೆ ಉಳಿದ ಡಾಲರ್

ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ತಟ್ಟೆಗಿಡುವ ಹಳೆಯ ಬೆಳ್ಳಿ ರೂಪಾಯಿಗಳನ್ನು ಒಮ್ಮೆ ತಿರುವಿ ನೋಡಿ. ಒಂದು ಬದಿಗೆ ಐದನೇ ಜಾರ್ಜ್ ದೊರೆಯ ತಲೆ, ಇನ್ನೊಂದು ಬದಿಗೆ 1918 ಅಥವಾ 1919 ಎಂಬ ಇಸವಿ ಇರುವ ನಾಣ್ಯ ಒಂದಾದರೂ ಸಿಕ್ಕೀತು. ಆ ರೂಪಾಯಿಯ ಬೆಳ್ಳಿ ಅದಕ್ಕೆ ಮೊದಲು ಅಮೆರಿಕದ ಡಾಲರ್ ಆಗಿದ್ದ ಸಾಧ್ಯತೆ ಸಾಕಷ್ಟಿದೆ. ಅಮೆರಿಕದ ಹಳೆಯ ಬೆಳ್ಳಿ ಡಾಲರ್‌ಗಳನ್ನು ಇವತ್ತು ಲಕ್ಷಗಟ್ಟಲೆ ಕೊಟ್ಟು ಕೊಳ್ಳುವವರಿದ್ದಾರೆ, ಮಕ್ಕಳ ಕಾಲಕ್ಕೆ ಒದಗುತ್ತದೆಂದು ಎತ್ತಿಡುವವರಿದ್ದಾರೆ. ಅವು ಅಷ್ಟು ಅಪರೂಪವಾದದ್ದರಲ್ಲಿ ನಮ್ಮ ದೇಶದ ಪಾತ್ರ ದೊಡ್ಡದು.

ಮೊದಲ ಮಹಾಯುದ್ಧ ನಡೆಯುತ್ತಿದ್ದ ಕಾಲ. ಭಾರತದಿಂದ ಗೋಧಿ, ಸೆಣಬು, ಚರ್ಮ ಹಡಗುಗಟ್ಟಲೆ ಹೋಗುತ್ತಿತ್ತು. ಅದಕ್ಕೆ ಬಂದ ಬೆಲೆಯನ್ನು ಜನ ಬೆಳ್ಳಿ ರೂಪಾಯಿಯಲ್ಲೇ ಕೇಳಿದರು, ಕೈಗೆ ಬಂದದ್ದನ್ನು ಹೊರಗೆ ಬಿಡಲಿಲ್ಲ. ಸರ್ಕಾರದ ಬಳಿ ಬೆಳ್ಳಿ ಸಾಲದಾಯಿತು. 1917ರ ನವೆಂಬರ್‌ನಲ್ಲಿ ಒಂದು ರೂಪಾಯಿಯ ನೋಟು ಬಂತು, 1918ರ ಜನವರಿಯಲ್ಲಿ ಎರಡೂವರೆ ರೂಪಾಯಿಯ ನೋಟೂ ಬಂತು. ನೋಟು ತಂದವರಿಗೆ ಬೆಳ್ಳಿ ಕೊಡುತ್ತೇವೆ ಎಂಬುದು ಸರ್ಕಾರದ ಮಾತು. ಆ ಮಾತು ಉಳಿಯುವುದಿಲ್ಲ ಎಂಬ ಸುದ್ದಿ ಹರಡಿದ್ದೇ ತಡ, ನೋಟು ಹಿಡಿದು ಬೆಳ್ಳಿ ಕೇಳುವವರ ಸಂಖ್ಯೆ ಏರಿತು. ಬ್ರಿಟನ್ ಅಮೆರಿಕದ ಬಾಗಿಲು ತಟ್ಟಿತು.

ಅಮೆರಿಕದ ಖಜಾನೆಯಲ್ಲಿ ಬೆಳ್ಳಿ ಡಾಲರ್‌ಗಳು ಕೋಟಿಗಟ್ಟಲೆ ಸುಮ್ಮನೆ ಬಿದ್ದಿದ್ದವು. 1918ರ ಏಪ್ರಿಲ್ 23ರಂದು ಪಿಟ್‌ಮನ್ ಕಾಯಿದೆ ಜಾರಿಗೆ ಬಂತು. ಗಣಿಗಳ ರಾಜ್ಯವಾದ ನೆವಾಡಾದ ಸೆನೆಟರ್ ಕೀ ಪಿಟ್‌ಮನ್ ಹೆಸರಿನ ಈ ಕಾಯಿದೆಯಂತೆ 35 ಕೋಟಿ ಡಾಲರ್‌ವರೆಗೆ ಕರಗಿಸಬಹುದಿತ್ತು. ಕರಗಿದ್ದು 27,02,32,722. ಅದರಲ್ಲಿ ಸುಮಾರು 25.9 ಕೋಟಿ ಡಾಲರ್‌ಗಳ ಬೆಳ್ಳಿ ಭಾರತದ ಪಾಲಿಗೆ ಬಂತು, ಔನ್ಸಿಗೆ ಒಂದು ಡಾಲರ್ ದರದಲ್ಲಿ. ಒಂದು ಡಾಲರಿನಲ್ಲಿರುವ ಅಪ್ಪಟ ಬೆಳ್ಳಿಗೆ ನಮ್ಮ ರೂಪಾಯಿ ಎರಡೂಕಾಲು ಆಗುತ್ತದೆ. ಬೊಂಬಾಯಿ, ಕಲಕತ್ತೆಯ ಟಂಕಸಾಲೆಗಳು ಹಗಲಿರುಳು ರೂಪಾಯಿ ಒತ್ತಿದವು.

ಕರಗಿಸುವಾಗ ಯಾವ ಇಸವಿಯ ನಾಣ್ಯ ಎಷ್ಟು ಮೂಸೆಗೆ ಹೋಯಿತು ಎಂದು ಯಾರೂ ಬರೆದಿಡಲಿಲ್ಲ. ಬೆಳ್ಳಿ ಡಾಲರ್ ಸಂಗ್ರಹದ ಇಡೀ ವ್ಯವಹಾರ ನಿಂತಿರುವುದು ಈ ಬರೆಯದ ಲೆಕ್ಕದ ಮೇಲೆ. ಒಂದು ವರ್ಷ ಎಷ್ಟು ಅಚ್ಚಾಯಿತು ಎಂಬುದು ಟಂಕಸಾಲೆಯ ಪುಸ್ತಕದಲ್ಲಿದೆ. ಎಷ್ಟು ಉಳಿಯಿತು ಎಂಬುದು ಯಾವ ಪುಸ್ತಕದಲ್ಲೂ ಇಲ್ಲ. ಬೆಲೆ ಕಟ್ಟುವುದು ಈ ಎರಡನೆಯದಕ್ಕೆ.

ಅಷ್ಟು ಡಾಲರ್‌ಗಳು ಖಜಾನೆಯಲ್ಲಿ ಕೊಳೆಯುತ್ತ ಬಿದ್ದಿದ್ದಾದರೂ ಏಕೆ? 1859ರಲ್ಲಿ ನೆವಾಡಾದಲ್ಲಿ ಕಾಮ್‌ಸ್ಟಾಕ್ ಬೆಳ್ಳಿ ಗಣಿ ಪತ್ತೆಯಾಯಿತು. ಬೆಳ್ಳಿ ಹೊಳೆಯಾಗಿ ಹರಿಯುತ್ತಿದ್ದಾಗಲೇ 1873ರ ಕಾಯಿದೆಯೊಂದು ಬೆಳ್ಳಿ ಡಾಲರನ್ನು ಕೈಬಿಟ್ಟಿತು. ಗಣಿ ಮಾಲೀಕರೂ, ಸಾಲದಲ್ಲಿ ಮುಳುಗಿದ್ದ ರೈತರೂ ಅದನ್ನು ‘73ರ ಅಪರಾಧ’ ಎಂದೇ ಕರೆದರು. ಅವರ ಒತ್ತಡಕ್ಕೆ ಮಣಿದು ಕಾಂಗ್ರೆಸ್ 1878ರ ಫೆಬ್ರುವರಿ 28ರಂದು ಅಧ್ಯಕ್ಷ ಹೇಯ್ಸ್ ಅವರ ವೀಟೋವನ್ನೂ ಮೀರಿ ಬ್ಲಾಂಡ್–ಆಲಿಸನ್ ಕಾಯಿದೆ ತಂದಿತು. ತಿಂಗಳಿಗೆ 20ರಿಂದ 40 ಲಕ್ಷ ಡಾಲರ್ ಬೆಲೆಯ ಬೆಳ್ಳಿಯನ್ನು ಸರ್ಕಾರ ಕೊಂಡು ನಾಣ್ಯ ಮಾಡಲೇಬೇಕು ಎಂಬುದು ಅದರ ಕಟ್ಟಳೆ.

ಹೊಸ ನಾಣ್ಯದ ಚಿತ್ರ ಕೆತ್ತಿದವನು ಇಂಗ್ಲೆಂಡಿನಿಂದ ಬಂದಿದ್ದ ಜಾರ್ಜ್ ಮಾರ್ಗನ್. ಸ್ವಾತಂತ್ರ್ಯ ದೇವಿಯ ಮುಖಕ್ಕೆ ಮಾದರಿಯಾದವಳು ಫಿಲಡೆಲ್ಫಿಯಾದ ಶಾಲಾ ಶಿಕ್ಷಕಿ ಅನ್ನಾ ವಿಲಿಯಮ್ಸ್. ಹಿಂಬದಿಯಲ್ಲಿ ರೆಕ್ಕೆ ಬಿಚ್ಚಿದ ಹದ್ದು. ಮೊದಲ ಅಚ್ಚಿನ ಹದ್ದಿಗೆ ಬಾಲದಲ್ಲಿ ಎಂಟು ಗರಿಗಳಿದ್ದವು. ಅದೇ ವರ್ಷ ಏಳಕ್ಕೆ ಇಳಿಸಿದರು. ಸಂಗ್ರಾಹಕರು 1878ರ ಡಾಲರ್ ಕೈಗೆ ಬಂದೊಡನೆ ಭೂತಗನ್ನಡಿ ಹಿಡಿದು ಆ ಗರಿಗಳನ್ನು ಎಣಿಸುವುದು ಇದಕ್ಕೇ. ನಾಣ್ಯದ ತೂಕ 26.73 ಗ್ರಾಂ, ಅಗಲ 38.1 ಮಿಲಿಮೀಟರ್, ನೂರಕ್ಕೆ ತೊಂಬತ್ತು ಪಾಲು ಬೆಳ್ಳಿ. ಅಂಗೈಯಲ್ಲಿಟ್ಟರೆ ನಮ್ಮ ಹಳೆಯ ರೂಪಾಯಿ ಎರಡಕ್ಕಿಂತ ಭಾರ.

ಈ ಭಾರವೇ ಅದಕ್ಕೆ ಮುಳುವಾಯಿತು. ಇಂಥ ನಾಣ್ಯ ಹತ್ತು ಜೇಬಿನಲ್ಲಿಟ್ಟುಕೊಂಡು ಯಾರು ತಿರುಗುತ್ತಾರೆ? ಪಶ್ಚಿಮದ ರಾಜ್ಯಗಳನ್ನು ಬಿಟ್ಟರೆ ಬೇರೆಡೆಯ ಜನ ಬೆಳ್ಳಿಯ ಬದಲಿಗೆ ಕೊಡುವ ಕಾಗದದ ಚೀಟಿಯನ್ನೇ ಮೆಚ್ಚಿದರು. ನಾಣ್ಯಗಳು ಸಾವಿರಕ್ಕೊಂದು ಕ್ಯಾನ್ವಾಸ್ ಚೀಲದಂತೆ ತಿಜೋರಿ ಸೇರಿದವು. ಒಂದು ಚೀಲ ಸುಮಾರು 27 ಕಿಲೋ. ಇತ್ತ ಭಾರತ ಸರ್ಕಾರ 1893ರ ಜೂನ್ 26ರಂದು ಸಾರ್ವಜನಿಕರ ಬೆಳ್ಳಿಗೆ ತನ್ನ ಟಂಕಸಾಲೆಗಳ ಬಾಗಿಲು ಮುಚ್ಚಿತು. ಜಗತ್ತಿನ ಚಿನಿವಾರ ಪೇಟೆಯಲ್ಲಿ ಬೆಳ್ಳಿ ಮುಗ್ಗರಿಸಿತು. ಅದೇ ವರ್ಷದ ಕೊನೆಗೆ ಅಮೆರಿಕ ಕಡ್ಡಾಯ ಬೆಳ್ಳಿ ಖರೀದಿಯನ್ನು ಕೈಬಿಟ್ಟಿತು. ಕೂಡಿಟ್ಟ ಬೆಳ್ಳಿ ತೀರಿದ ಮೇಲೆ, 1904ಕ್ಕೆ, ಡಾಲರ್ ಅಚ್ಚು ಹಾಕುವುದೂ ನಿಂತಿತು.

ಪಿಟ್‌ಮನ್ ಕಾಯಿದೆಗೆ ಇನ್ನೊಂದು ಮುಖವಿತ್ತು: ಕರಗಿಸಿದಷ್ಟು ಡಾಲರನ್ನು ಮತ್ತೆ ಅಚ್ಚು ಹಾಕಬೇಕು. ಹಾಗಾಗಿ 1921ರಲ್ಲಿ ಮಾರ್ಗನ್ ಡಾಲರ್ ಮರಳಿ ಬಂತು, ಒಂದೇ ವರ್ಷದಲ್ಲಿ ಎಂಟೂವರೆ ಕೋಟಿಗೂ ಹೆಚ್ಚು. ಅದೇ ವರ್ಷದ ಕೊನೆಯಲ್ಲಿ ಆಂಥನಿ ಡಿ ಫ್ರಾನ್ಸಿಸಿ ರೂಪಿಸಿದ ‘ಪೀಸ್ ಡಾಲರ್’ ಶುರುವಾಗಿ 1935ರವರೆಗೆ ಬಿಟ್ಟು ಬಿಟ್ಟು ನಡೆಯಿತು. ಇವತ್ತು ‘ಅಪರೂಪದ ಶತಮಾನದ ಹಿಂದಿನ ಡಾಲರ್’ ಎಂದು ಹೊಗಳಿ ಮಾರುವ ಬಹಳಷ್ಟು ನಾಣ್ಯಗಳು ಈ 1921ರ ರಾಶಿಯವೇ. ನೂರು ವರ್ಷ ಹಳೆಯದು ನಿಜ, ಅಪರೂಪ ಖಂಡಿತ ಅಲ್ಲ. ಸವೆದ 1921ಕ್ಕೆ ಬೆಳ್ಳಿಯ ಬೆಲೆಗಿಂತ ಹೆಚ್ಚು ಕೊಡಬೇಕಾದ್ದು ಬಹಳ ಕಡಿಮೆ. ನಿವೃತ್ತಿಯ ಹಣ ಹಿಡಿದು ಬಂದವರಿಗೆ ಇದನ್ನೇ ಹಲವು ಪಟ್ಟು ಬೆಲೆಗೆ ದಾಟಿಸುವುದನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ.

ಹೂಡಿಕೆಯೆಂದು ಈ ನಾಣ್ಯಗಳತ್ತ ನೋಡುವವರು ಮೊದಲು ತಿಳಿಯಬೇಕಾದ ಕಥೆ ನ್ಯೂ ಆರ್ಲಿಯನ್ಸ್ ಟಂಕಸಾಲೆಯ 1903ರ ಡಾಲರಿನದು. ಹದ್ದಿನ ಕೆಳಗೆ ಸಣ್ಣ ‘ಓ’ ಅಕ್ಷರ ಇದರ ಗುರುತು. ಅಚ್ಚಾದದ್ದು 44 ಲಕ್ಷಕ್ಕೂ ಹೆಚ್ಚು. ಆದರೂ ಬಳಸದ, ಹೊಳಪು ಮಾಸದ ನಾಣ್ಯ ಎಲ್ಲೂ ಕಾಣುತ್ತಿರಲಿಲ್ಲ. ಎಲ್ಲವೂ 1918ರಲ್ಲಿ ಕರಗಿಹೋಗಿವೆ ಎಂದೇ ಎಲ್ಲರ ನಂಬಿಕೆ. 1960ರ ದಶಕದ ಆರಂಭದಲ್ಲಿ ಸಂಗ್ರಾಹಕರ ದರಪಟ್ಟಿ ಇದಕ್ಕೆ 1,500 ಡಾಲರ್ ತೋರಿಸುತ್ತಿತ್ತು, ಮಾರ್ಗನ್ ಡಾಲರ್‌ಗಳಲ್ಲೇ ಅಗ್ರಸ್ಥಾನ. 1962ರ ಕೊನೆಯಲ್ಲಿ ಕ್ರಿಸ್‌ಮಸ್ ಸಮಯಕ್ಕೆ ನಾಣ್ಯ ಬೇಕೆಂದು ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ ದಶಕಗಳಿಂದ ಮೊಹರು ಹಾಕಿಟ್ಟಿದ್ದ ತಿಜೋರಿಯೊಂದನ್ನು ತೆರೆದರು. ಒಳಗೆ ಚೀಲ ಚೀಲವಾಗಿ 1903ರ ‘ಓ’ ಡಾಲರ್‌ಗಳು. ಬ್ಯಾಂಕಿನ ಕಿಟಕಿಯಲ್ಲಿ ಒಂದು ಡಾಲರಿಗೆ ಒಂದು ಡಾಲರಿನಂತೆ ಅವು ಜನರ ಕೈ ಸೇರಿದವು. ದರ ನೋಡನೋಡುತ್ತಲೇ ನೂರು ಡಾಲರಿನ ಕೆಳಗೆ ಬಿತ್ತು. ಅರವತ್ತು ವರ್ಷ ಕಳೆದ ಮೇಲೂ ಸಾಮಾನ್ಯ ಮಟ್ಟದ ಹೊಸ ನಾಣ್ಯಕ್ಕೆ ಕೆಲವು ನೂರು ಡಾಲರ್ ಅಷ್ಟೆ. ಅಂದಿನ 1,500 ಡಾಲರಿಗೆ ಇಂದಿನ ಹಣದಲ್ಲಿ ಹತ್ತು ಪಟ್ಟಿಗೂ ಹೆಚ್ಚು ಬೆಲೆ ಎಂಬುದನ್ನು ಲೆಕ್ಕಕ್ಕೆ ಹಿಡಿದರೆ, ಅಂದು ಕೊಂಡವರು ಕಳೆದುಕೊಂಡದ್ದು ಎಷ್ಟೆಂದು ತಿಳಿಯುತ್ತದೆ.

ಆ ಸುದ್ದಿ ಹಬ್ಬಿದ ಮೇಲೆ ಜನ ಖಜಾನೆಗೆ ಮುಗಿಬಿದ್ದರು. ಕಾಗದದ ಚೀಟಿ ಕೊಟ್ಟು ಸಾವಿರದ ಚೀಲ ಹೊತ್ತು ನಡೆದರು. 1964ರ ಮಾರ್ಚ್‌ನಲ್ಲಿ ಖಜಾನೆ ಕಾರ್ಯದರ್ಶಿ ಡಗ್ಲಸ್ ಡಿಲನ್ ವಿತರಣೆ ನಿಲ್ಲಿಸಿದಾಗ ಉಳಿದದ್ದು ಸುಮಾರು 30 ಲಕ್ಷ. ಎಣಿಸಿ ನೋಡಿದರೆ ಅವುಗಳಲ್ಲಿ ಹೆಚ್ಚಿನವು ನೆವಾಡಾದ ಕಾರ್ಸನ್ ಸಿಟಿಯ ಪುಟ್ಟ ಟಂಕಸಾಲೆಯ ‘ಸಿಸಿ’ ಗುರುತಿನವು. ಸರ್ಕಾರ ಅವನ್ನು ಕಪ್ಪು ಪೆಟ್ಟಿಗೆಯಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಕೂರಿಸಿ 1972ರಿಂದ 1980ರ ನಡುವೆ ಅಂಚೆ ಮೂಲಕ ಮಾರಿತು. ಈ ಮಾರಾಟದಿಂದಾಗಿ ಕಾರ್ಸನ್ ಸಿಟಿ ಡಾಲರ್‌ಗಳ ಮಟ್ಟಿಗೆ ಲೆಕ್ಕ ಸ್ಪಷ್ಟವಾಗಿದೆ. 1884ರಲ್ಲಿ ಅಲ್ಲಿ ಅಚ್ಚಾದ 11.36 ಲಕ್ಷ ನಾಣ್ಯಗಳಲ್ಲಿ 9,62,638 ಈ ಉಳಿಕೆಯಲ್ಲೇ ಸಿಕ್ಕವು. ಅದೇ ಟಂಕಸಾಲೆಯ 1889ರ 3.5 ಲಕ್ಷದಲ್ಲಿ ಸಿಕ್ಕದ್ದು ಒಂದೇ ಒಂದು. ಮೊದಲನೆಯದರ ಹೊಸ ನಾಣ್ಯ ಮಧ್ಯಮ ವರ್ಗದವರ ಕೈಗೆಟುಕುತ್ತದೆ, ಎರಡನೆಯದು ಹಾಗಲ್ಲ.

ಖಾಸಗಿ ಮನೆಗಳಲ್ಲೂ ತಿಜೋರಿಗಳಿದ್ದವು. ಬ್ಯಾಂಕನ್ನೂ ಸರ್ಕಾರವನ್ನೂ ನಂಬದ ರೀನೊ ನಗರದ ಲವೀರ್ ರೆಡ್‌ಫೀಲ್ಡ್ 1974ರಲ್ಲಿ ತೀರಿಕೊಂಡಾಗ ಮನೆಯೊಳಗೆ ಸಿಕ್ಕದ್ದು ನಾಲ್ಕು ಲಕ್ಷಕ್ಕೂ ಮೀರಿದ ಬೆಳ್ಳಿ ಡಾಲರ್‌ಗಳು. 1976ರ ಜನವರಿಯ ಹರಾಜಿನಲ್ಲಿ ಇಡೀ ರಾಶಿ ಒಬ್ಬರಿಗೇ 73 ಲಕ್ಷ ಡಾಲರಿಗೆ ಹೋಯಿತು. ಕೊಂಡವರು ಅದನ್ನು ಒಮ್ಮೆಲೇ ಪೇಟೆಗೆ ಸುರಿಯದೆ ನಿಧಾನವಾಗಿ ಬಿಟ್ಟಿದ್ದರಿಂದ ದರ ಉಳಿಯಿತು. ನಾಲ್ಕು ವರ್ಷದ ನಂತರ ಬೆಳ್ಳಿ ಔನ್ಸಿಗೆ 50 ಡಾಲರ್ ಸಮೀಪಿಸಿದಾಗ ತಿರುಗಿ ಮೂಸೆಗಳು ಕಾದವು. ಆಗ ಕರಗಿದವುಗಳ ಲೆಕ್ಕವನ್ನೂ ಯಾರೂ ಇಟ್ಟಿಲ್ಲ.

ಮುಂದಿನದು ಗುಣಮಟ್ಟದ ಪ್ರಶ್ನೆ. ಚೀಲದಲ್ಲಿ ಒಂದರ ಮೇಲೊಂದು ಬಡಿದು ದೇವಿಯ ಕೆನ್ನೆಯ ಮೇಲೆ ಗೀರು ಬೀಳುತ್ತದೆ. ಆ ನುಣುಪಾದ ಕೆನ್ನೆಯಲ್ಲಿ ಗೀರು ಎಷ್ಟಿವೆ ಎಂಬುದರ ಮೇಲೆ 1ರಿಂದ 70ರವರೆಗಿನ ಅಂಕದಲ್ಲಿ ದರ್ಜೆ ನಿರ್ಧಾರವಾಗುತ್ತದೆ. 1986ರಲ್ಲಿ ಪಿಸಿಜಿಎಸ್, ಮರುವರ್ಷ ಎನ್‌ಜಿಸಿ ಎಂಬ ಸಂಸ್ಥೆಗಳು ನಾಣ್ಯವನ್ನು ಪರೀಕ್ಷಿಸಿ, ಅಂಕ ಕೊಟ್ಟು, ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಕೊಡಲು ಶುರುಮಾಡಿದವು. ನಾಣ್ಯದ ಗಂಧಗಾಳಿ ಇಲ್ಲದವರೂ ಅಂಕ ನೋಡಿ ಕೊಳ್ಳುವಂತಾಯಿತು. ವಾಲ್ ಸ್ಟ್ರೀಟ್ ಹಣ ನುಗ್ಗಿತು. 1989ರಲ್ಲಿ 65 ಅಂಕದ ತೀರ ಸಾಮಾನ್ಯ ಇಸವಿಯ ಡಾಲರ್ ಕೂಡ ಆಕಾಶಕ್ಕೇರಿ, ವರ್ಷ ಕಳೆಯುವುದರೊಳಗೆ ನೆಲಕ್ಕೆ ಬಿತ್ತು. ಬಿದ್ದದ್ದು ಹೆಚ್ಚಾಗಿ ಎಲ್ಲೆಂದರಲ್ಲಿ ಸಿಗುವಂಥವು.

ನಿಜವಾಗಿ ಉಳಿದಿರುವುದೇ ಕಡಿಮೆ ಎಂಬುದಕ್ಕೆ ಸ್ಯಾನ್ ಫ್ರಾನ್ಸಿಸ್ಕೊದ 1893ರ ಡಾಲರ್ ಸಾಕ್ಷಿ. ಅಚ್ಚಾದದ್ದೇ ಒಂದು ಲಕ್ಷ. ಇವುಗಳ ರಾಶಿ ಯಾವ ತಿಜೋರಿಯಿಂದಲೂ ಹೊರಬರಲಿಲ್ಲ. ಬಳಸಿ ಸವಕಲಾದದ್ದಕ್ಕೂ ಸಾವಿರಾರು ಡಾಲರ್ ಬೆಲೆ. 67 ಅಂಕದ ಒಂದು 2021ರ ಆಗಸ್ಟ್‌ನಲ್ಲಿ 20 ಲಕ್ಷ ಡಾಲರ್ ಮೀರಿ ಹರಾಜಾಯಿತು.

ಬೆಲೆ ಇದ್ದಲ್ಲಿ ಖೋಟಾ ಇರುತ್ತದೆ. ಫಿಲಡೆಲ್ಫಿಯಾದ 1893ಕ್ಕೆ ಅಕ್ಷರದ ಗುರುತಿಲ್ಲ. ಅದಕ್ಕೆ ‘ಎಸ್’ ಅಂಟಿಸಿ ಸ್ಯಾನ್ ಫ್ರಾನ್ಸಿಸ್ಕೊದ್ದೆಂದು ಮಾರುವುದು ಹಳೆಯ ಮೋಸ. ಬಲ್ಲವರು ನೋಡುವುದು ‘ಎಸ್’ ಅನ್ನಲ್ಲ, ಮುಂಬದಿಯನ್ನು. ಅಸಲಿ ನಾಣ್ಯಗಳೆಲ್ಲ ಒಂದೇ ಮುಂಬದಿ ಅಚ್ಚಿನಿಂದ ಬಂದವು. ದೇವಿಯ ಕಿರೀಟದ ಮೇಲಿನ ‘ಲಿಬರ್ಟಿ’ ಪದದಲ್ಲಿ ‘ಟಿ’ ಅಕ್ಷರದ ನೆತ್ತಿಯ ಮೇಲೆ ಕೂದಲೆಳೆಯಂಥ ಓರೆಗೆರೆಯೊಂದು ಉಬ್ಬಿ ನಿಂತಿದೆ. ಇಸವಿಯ ‘1’ ಅಂಚಿನ ಒಂದು ಹಲ್ಲಿನ ನೇರ ಮೇಲೆ, ನಡುಮಧ್ಯಕ್ಕೆ ಕೂತಿದೆ. ಇವೆರಡೂ ಇಲ್ಲದಿದ್ದರೆ ‘ಎಸ್’ ಎಷ್ಟು ಚೆಂದವಾಗಿದ್ದರೂ ಕೈಬಿಡಬೇಕು.

ನಮ್ಮವರಿಗೆ ಒಂದು ಮಾತು ಒತ್ತಿ ಹೇಳಬೇಕು. ಹಬ್ಬಕ್ಕೆ ಬೆಳ್ಳಿಯನ್ನು ಹುಣಸೆಹಣ್ಣು ಹಾಕಿ ತಿಕ್ಕುವುದು ನಮಗೆ ಅಭ್ಯಾಸ. ಸಂಗ್ರಹದ ನಾಣ್ಯವನ್ನು ಹಾಗೆ ತಿಕ್ಕಿದರೆ ಅದರ ಮೇಲ್ಮೈಯ ಸಹಜ ಮಿನುಗು ಅಳಿಸಿಹೋಗಿ ಬೆಲೆ ಅರ್ಧಕ್ಕೂ ಇಳಿದೀತು. ಚೀಲದ ಬಟ್ಟೆ ತಾಗಿ ಬಂದ ನೀಲಿ, ಕೆನ್ನೀಲಿ ಛಾಯೆಗೆ ಅಧಿಕ ಬೆಲೆ ಕೊಡುವವರೇ ಇದ್ದಾರೆ.

ದೀರ್ಘಾವಧಿಗೆಂದು ಇಡುವವರಿಗೆ ನಾನು ಸೂಚಿಸುವುದು ಇಷ್ಟು: ಅಗ್ಗದ ಹತ್ತರ ಬದಲು ಒಳ್ಳೆಯದೊಂದು, ಅದೂ ಎಷ್ಟು ಉಳಿದಿದೆ ಎಂಬುದು ಗೊತ್ತಿರುವ ಇಸವಿಯದು. ಬಡ್ಡಿ ಬರುವುದಿಲ್ಲ, ಡಿವಿಡೆಂಡ್ ಇಲ್ಲ. ಅಂಗಡಿಯವರು ಮಾರುವ ಬೆಲೆಗೂ ಕೊಳ್ಳುವ ಬೆಲೆಗೂ ನಡುವಿನ ಅಂತರ ತುಂಬಲಿಕ್ಕೇ ವರ್ಷಗಳು ಬೇಕು. ಅಮೆರಿಕದಲ್ಲಿರುವ ಕನ್ನಡಿಗರು ಅಲ್ಲೇ ಕೊಂಡು ಅಲ್ಲೇ ಮಾರಿದರೆ ಸಂಗ್ರಹವಸ್ತುಗಳ ದೀರ್ಘಾವಧಿ ಲಾಭಕ್ಕೆ ಶೇ 28ರವರೆಗೆ ಕೇಂದ್ರ ತೆರಿಗೆ ಬೀಳಬಹುದು, ಷೇರಿನ ಲಾಭಕ್ಕಿಂತ ಅದು ಹೆಚ್ಚು. ಊರಿಗೆ ಬರುವಾಗ ತಂದು ಬೆಂಗಳೂರಿನ ಲಾಕರ್‌ನಲ್ಲಿಡುವ ಆಸೆಯಿದ್ದವರು 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯನ್ನು ನೆನಪಿಡಬೇಕು. ನೂರು ವರ್ಷ ದಾಟಿದ ನಾಣ್ಯ ಇಲ್ಲಿ ಪ್ರಾಚ್ಯವಸ್ತು, ಖಾಸಗಿ ವ್ಯಕ್ತಿ ಅದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಮಾರ್ಗನ್ ಡಾಲರಿಗೆ ಗಿರಾಕಿ ಹೆಚ್ಚಿರುವುದು ಅಮೆರಿಕದಲ್ಲಿ. ಹಾಗಾಗಿ ಮಾರುವ ಉದ್ದೇಶವಿದ್ದರೆ ನಾಣ್ಯವನ್ನು ಅಲ್ಲೇ ಬಿಡುವುದು ವಾಸಿ.